ಹುಳದ ಮೇಡಂ ಮತ್ತು ನನ್ನ ಸುಣ್ಣದ ಡಬ್ಬಿಗಳು

ಕಳೆದ ತಿಂಗಳು ನಮ್ಮ ಚಿಕಿತ್ಸಾಲಯದ ಸಭಾಂಗಣದಲ್ಲಿ ಅವರಿಗೆ ನುಡಿನಮನ ಸಲ್ಲಿಸುವ ಸಭೆ ನಡೆಯಿತು. ಮಾತನಾಡಬೇಕಾದವರ ಪಟ್ಟಿಯಲ್ಲಿ ನನ್ನ ಹೆಸರು ನಾಲ್ಕನೆಯದು. ಮೂವರು ಮಾತನಾಡಿದ ಮೇಲೆ ಟ್ರಸ್ಟಿನ ಕಾರ್ಯದರ್ಶಿಗಳು ಗಡಿಯಾರ ನೋಡಿ, ಹಿರಿಯರು ಮನಸ್ಸಿನಲ್ಲಿಯೇ ನಮನ ಸಲ್ಲಿಸಿದ್ದಾರೆಂದು ಭಾವಿಸೋಣ ಎಂದು ಹೇಳಿ ಎಲ್ಲರನ್ನೂ ಮೌನಾಚರಣೆಗೆ ಎಬ್ಬಿಸಿಬಿಟ್ಟರು. ನಾನು ನಾಲ್ಕು ಪುಟ ಬರೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಉಡುತಡಿಯಿಂದ ಬಸ್ಸು ಹತ್ತಿ ಬಂದಿದ್ದೆ. ಮನಸ್ಸಿನಲ್ಲಿ ನಮನ ಸಲ್ಲಿಸುವುದಕ್ಕಾದರೆ ನನ್ನ ಮನೆಯ ಜಗಲಿಯೇ ಸಾಕಾಗಿತ್ತು. ಮಾತನಾಡಿದ ಮೂವರಲ್ಲಿ ಇಬ್ಬರು, ನರ್ಸ್ ಆಗಿರದ ಅವರನ್ನು ‘ಸಿಸ್ಟರ್’ ಎಂದರು. ಮೂರನೆಯವರು ಅವರ ಸೇವೆಯ ಲೆಕ್ಕದಿಂದ ಏಳು ವರ್ಷಗಳನ್ನು ಕಳೆದುಬಿಟ್ಟರು. ಅವರು ಮಾಡುತ್ತಿದ್ದ ಕೆಲಸ ಯಾವುದೆಂದು ಮೂವರೂ ಬಾಯಿ ಬಿಟ್ಟು ಹೇಳಲಿಲ್ಲ, ಹೇಳಲು ನಾಚಿದರು. ಆದ್ದರಿಂದ ನಾನು ಅಲ್ಲಿಂದಲೇ ಆರಂಭಿಸುತ್ತೇನೆ. ಅವರು ಇಪ್ಪತ್ತಾರು ವರ್ಷ ಮನುಷ್ಯರ ಮಲವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಅದರಲ್ಲಿ ಹುಳುಗಳಿವೆಯೇ ಎಂದು ಹುಡುಕಿದರು. ಜನರ ಬಾಯಲ್ಲಿ ಅವರು ಹುಳದ ಮೇಡಂ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ, ಅವರ ಕೋಣೆಯ ಬಾಗಿಲಲ್ಲಿ ಕಾಯುತ್ತಿದ್ದವರು ಯಾರೆಂದು ನೆನಪಿಸಿಕೊಳ್ಳುವ ಜನ ಈ ಸೀಮೆಯಲ್ಲಿ ಈಗಲೂ ಇದ್ದಾರೆ. ನಮ್ಮದು ಶಿಕಾರಿಪುರಕ್ಕೂ ಸೊರಬಕ್ಕೂ ನಡುವಿನ ಒಂದು ಸಣ್ಣ ಧರ್ಮಾರ್ಥ ಚಿಕಿತ್ಸಾಲಯ. ಎಚ್‌ಐವಿ ಇರುವವರು ಸರ್ಕಾರದ ಮಾತ್ರೆಗಾಗಿ ದೂರದ ಪೇಟೆಗೆ ಅಲೆಯಬಾರದೆಂದು ಅದರ ಹಿಂಭಾಗದ ಕೋಣೆಯೊಂದರಲ್ಲಿ ಮಾತ್ರೆ ವಿತರಣೆಯ ವ್ಯವಸ್ಥೆಯಿತ್ತು. ಆ ಮಾತ್ರೆಗಳನ್ನು ಎಣಿಸಿ ಕೊಡುವ ಫಾರ್ಮಸಿಸ್ಟ್ ನಾನು. ಮೂವತ್ತೊಂದು ವರ್ಷ ಆ ಹುದ್ದೆಯಲ್ಲಿದ್ದರೂ ಊರಿನವರು ನನ್ನನ್ನು ಕಾಂಪೌಂಡರ್ ಎಂದೇ ಕರೆದರು. ನಾನು ಒಂದು ಸಲವೂ ಬಿಡದೆ ತಿದ್ದಿದೆ.

ಅವರೂ ಬಂದ ಮೊದಲ ದಿನ ನನ್ನನ್ನು ಹಾಗೆಯೇ ಕರೆದರು. ಕುಳ್ಳಗಿನ, ದುಂಡು ಮುಖದ, ಗಡಿಯಾರವನ್ನು ಮಣಿಕಟ್ಟಿನ ಒಳಬದಿಗೆ ಕಟ್ಟಿಕೊಂಡ ಹೆಂಗಸೊಬ್ಬರು ನನ್ನ ಕಿಟಕಿಗೆ ಬಂದು, ಕಾಂಪೌಂಡರೇ ಒಂದು ಬಾಟಲಿ ಉಪ್ಪುನೀರು ಕೊಡಿ ಎಂದರು. ನಾನು ತಿದ್ದಿದೆ. ಅವರು ತಲೆಯಿಂದ ಕಾಲಿನವರೆಗೆ ನನ್ನನ್ನೊಮ್ಮೆ ನೋಡಿ, “ಹಂಗಾದ್ರೆ ಸಾಹೇಬ್ರೆ ಅಂತೀನಿ. ಕೊಡಿ ಮಾರಾಯ್ರೆ, ಹೊತ್ತಾಯ್ತು” ಎಂದರು. ಅಂದಿನಿಂದ ನಿವೃತ್ತಿಯವರೆಗೆ ‘ಸಾಹೇಬ್ರೆ’ ಎಂದೇ ಕರೆದರು. ಅದರಲ್ಲಿ ಗೌರವದ ಪಾಲೆಷ್ಟು, ಕುಚೋದ್ಯದ ಪಾಲೆಷ್ಟು ಎಂಬುದು ನನಗೆ ಕೊನೆಗೂ ಖಚಿತವಾಗಲಿಲ್ಲ.

ಅವರು ಕ್ಯಾಸನೂರಿನ ಕಡೆಯವರು. ಮಂಗನ ಕಾಯಿಲೆಯನ್ನು ಲೋಕವೆಲ್ಲ ಕರೆಯುವ ಹೆಸರಿನಲ್ಲಿ ಆ ಊರಿದೆ. ಓದುವುದಕ್ಕೆಂದು ಹೊರಗೆ ಹೋಗಿದ್ದಾಗ, ಊರು ಯಾವುದೆಂದು ಕೇಳಿದ ಸಹಪಾಠಿಯೊಬ್ಬಳು ಉತ್ತರ ಕೇಳಿದ ಕೂಡಲೇ ತನ್ನ ಹಾಸಿಗೆಯನ್ನು ಇನ್ನೊಂದು ಮೂಲೆಗೆ ಎಳೆದುಕೊಂಡಳಂತೆ. ನಾನಾಗಿದ್ದರೆ ಆ ಹುಡುಗಿಯ ಹೆಸರು, ತಂದೆಯ ಹೆಸರು, ಊರು ಎಲ್ಲವನ್ನೂ ಇಂದಿಗೂ ಹೇಳುತ್ತಿದ್ದೆ. ಇವರಿಗೆ ಹೆಸರೇ ನೆನಪಿರಲಿಲ್ಲ. “ನಮ್ಮೂರ ಹೆಸರನ್ನೇ ಒಂದು ರೋಗಕ್ಕೆ ಇಟ್ಟಿದಾರೆ ಸಾಹೇಬ್ರೆ. ಇನ್ನು ರೋಗದ ಹೆಸರಿಗೆ ನಾನು ಎಂತಕ್ಕೆ ನಾಚ್ಕೊಳ್ಲಿ” ಎನ್ನುತ್ತಿದ್ದರು. ಎಚ್‌ಐವಿ ಎಂಬ ಶಬ್ದವನ್ನು ನಮ್ಮ ಸಿಬ್ಬಂದಿ ದನಿ ತಗ್ಗಿಸಿ, ಅಕ್ಕಪಕ್ಕ ನೋಡಿ ಉಚ್ಚರಿಸುತ್ತಿದ್ದ ಕಾಲದಲ್ಲಿ, ಅವರು ಬಾಗಿಲು ಮುಚ್ಚಿ, ರೋಗಿಯನ್ನು ಎದುರು ಕೂರಿಸಿಕೊಂಡು, ನೆಗಡಿ ಎನ್ನುವಷ್ಟೇ ಸಲೀಸಾಗಿ ಹೇಳುತ್ತಿದ್ದರು. ಬಾಗಿಲು ತೆರೆದ ಮೇಲೆ ಮಾತ್ರ ಆ ಶಬ್ದ ಅವರ ಬಾಯಿಂದ ಎಂದೂ ಹೊರಬೀಳಲಿಲ್ಲ.

ಅವರ ಕೋಣೆ ಶೌಚಾಲಯದ ಪಕ್ಕದ್ದು. ಆಯುಧಪೂಜೆಯ ದಿನ ಎಕ್ಸ್‌ರೇ ಯಂತ್ರಕ್ಕೆ, ಜನರೇಟರಿಗೆ, ಆಂಬುಲೆನ್ಸಿಗೆ, ಕೊನೆಗೆ ತೂಕದ ಯಂತ್ರಕ್ಕೂ ಕುಂಕುಮವಿಟ್ಟು ಮಂಗಳಾರತಿ ಎತ್ತುತ್ತಿದ್ದ ಅರ್ಚಕರು ಆ ಕೋಣೆಯ ಹೊಸ್ತಿಲವರೆಗೆ ಬಂದು ಹಿಂದಿರುಗುತ್ತಿದ್ದರು. ಮೇಡಂ ತಾವೇ ಸೂಕ್ಷ್ಮದರ್ಶಕದ ಮಸೂರಕ್ಕೆ ಪುಡಿ ತಾಗದಂತೆ ಬಟ್ಟೆ ಹೊದಿಸಿ, ಅದರ ಕತ್ತಿಗೆ ಒಂದು ಸೇವಂತಿಗೆ ಸಿಕ್ಕಿಸಿ, ಕೈ ಮುಗಿದು ಕೆಲಸಕ್ಕೆ ಕೂರುತ್ತಿದ್ದರು. ಅವರು ಮನೆಯಿಂದ ತಂದ ಕೋಸಂಬರಿಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಪ್ರತಿಯೊಬ್ಬರಿಗೂ ಅಂದು ಹೊಟ್ಟೆ ಸರಿಯಿರುತ್ತಿರಲಿಲ್ಲ, ಇಲ್ಲವೇ ಉಪವಾಸವಿರುತ್ತಿತ್ತು. ಅವರು ಬಂದ ಮೊದಲ ವರ್ಷ ನಾನೂ ಉಪವಾಸವೆಂದು ಹೇಳಿ, ಅರ್ಧ ಗಂಟೆಯ ನಂತರ ಕ್ಯಾಂಟೀನಿನಲ್ಲಿ ಮಿರ್ಚಿ ತಿನ್ನುತ್ತಿದ್ದಾಗ ಅವರ ಕಣ್ಣಿಗೆ ಬಿದ್ದೆ. ನನಗಾದ ಅಪಮಾನಗಳನ್ನೆಲ್ಲ ದಿನಾಂಕ ಸಹಿತ ನೆನಪಿಟ್ಟುಕೊಂಡವನು, ನಾನೇ ಮಾಡಿದ ಇದನ್ನು ಮರೆಯುವುದು ನ್ಯಾಯವಲ್ಲ. ಮರುವರ್ಷದಿಂದ ಅವರ ಕೋಸಂಬರಿಯ ಮೊದಲ ಪಾಲು ನನ್ನದಾಗಿತ್ತು.

ಅವರ ವರದಿಗಳ ವಿಷಯದಲ್ಲಿ ನಮಗೆ ಜಗಳವಿತ್ತು. ಹುಳು ಸಿಗದಿದ್ದಾಗ ಎಲ್ಲ ಪ್ರಯೋಗಾಲಯದವರೂ ‘ಇಲ್ಲ’ ಎಂದು ಬರೆಯುತ್ತಾರೆ. ಇವರು ‘ಕಾಣಲಿಲ್ಲ’ ಎಂದು ಬರೆಯುತ್ತಿದ್ದರು. ವರದಿಯಲ್ಲಿ ಇಂಥ ಅಡ್ಡಗೋಡೆಯ ದೀಪ ಬೇಡವೆಂದು ನಾನು ಆಕ್ಷೇಪಿಸಿದೆ. ಕೆಲವು ಹುಳುಗಳು ಒಂದು ದಿನ ಕಾಣಿಸಿಕೊಂಡು ನಾಲ್ಕು ದಿನ ಅಡಗಿರುತ್ತವೆ, ಅದಕ್ಕಾಗಿಯೇ ಮೂರು ಬೆಳಗಿನ ಮಾದರಿ ಕೇಳುತ್ತೇನೆ, ಮೂರರಲ್ಲಿ ಸಿಗದಿದ್ದರೂ ಇಲ್ಲವೆನ್ನುವ ಅಧಿಕಾರ ನನಗಿಲ್ಲ ಎಂಬುದು ಅವರ ವಾದ. ಆ ಒಳಮಣಿಕಟ್ಟಿನ ಗಡಿಯಾರವೂ ಇದಕ್ಕಾಗಿಯೇ ಇದ್ದದ್ದು. ಮಾದರಿ ಬಂದ ಕೂಡಲೇ ನೋಡಬೇಕು. ತಣ್ಣಗಾದ ಮೇಲೆ ಮರಿಹುಳು ಅಲುಗಾಡುವುದಿಲ್ಲ. ಅಲುಗಾಡದ ಮರಿಹುಳುವಿಗೂ ಸೊಪ್ಪಿನ ನಾರಿಗೂ ವ್ಯತ್ಯಾಸ ಹೇಳುವುದು ಕಷ್ಟ. ಅವರು ಗಾಜಿನ ಪಟ್ಟಿಯನ್ನು ನೋಡುವಾಗ ಕೆಳತುಟಿಯನ್ನು ಒಳಕ್ಕೆಳೆದುಕೊಂಡು, ಗದ್ದೆಯ ಬದುವಿನ ಮೇಲೆ ನಡೆಯುವವರಂತೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ, ಮತ್ತೆ ಒಂದು ಗೆರೆ ಕೆಳಗೆ, ಸ್ವಲ್ಪವೂ ಬಿಡದೆ ಸಾಗುತ್ತಿದ್ದರು. ಆ ಹೊತ್ತಿನಲ್ಲಿ ಯಾರಾದರೂ ಕರೆದರೆ ಬಲಗೈಯ ಹೆಬ್ಬೆರಳನ್ನು ಮಾತ್ರ ಎತ್ತುತ್ತಿದ್ದರು. ಟ್ರಸ್ಟಿನ ಅಧ್ಯಕ್ಷರಿಗೂ ಒಮ್ಮೆ ಆ ಹೆಬ್ಬೆರಳಿನ ದರ್ಶನವಾಗಿದೆ.

ಈ ಹಟ ಎಲ್ಲಿಂದ ಬಂತೆಂದು ಒಮ್ಮೆ ಮಾತ್ರ ಹೇಳಿದರು. ಚಿಕಿತ್ಸಾಲಯದ ಅಂಗಳದ ಹೊಂಗೆಮರದ ಕೆಳಗೆ ಊಟ ಮಾಡುತ್ತಿದ್ದೆವು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಇನ್ನೊಂದು ಊರಿನಲ್ಲಿ, ಉಬ್ಬಸಕ್ಕೆ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದ ಮುದುಕನೊಬ್ಬನನ್ನು ತಂದಿದ್ದರಂತೆ. ಅವನ ಕರುಳಿನಲ್ಲಿ ನೂಲಿಗಿಂತ ಸಣ್ಣದಾದ ಒಂದು ಬಗೆಯ ಹುಳು ವರ್ಷಗಟ್ಟಲೆಯಿಂದ ಸದ್ದಿಲ್ಲದೆ ಇತ್ತು. ದೇಹದ ಕಾವಲನ್ನು ಸ್ಟೀರಾಯ್ಡ್ ಇಳಿಸಿದ ಕೂಡಲೇ ಅದು ಒಳಗೊಳಗೇ ಹೆಚ್ಚಿ ಶ್ವಾಸಕೋಶ, ರಕ್ತ, ಎಲ್ಲೆಡೆಗೂ ಹರಡಿತು. ಇವರ ಕಣ್ಣಿಗೆ ಹುಳು ಬೀಳುವ ಹೊತ್ತಿಗೆ ಮುದುಕ ಸತ್ತು ಒಂದು ದಿನವಾಗಿತ್ತು. ಆತನ ಮಾದರಿ ಎರಡು ದಿನದಿಂದ ಇವರ ಮೇಜಿನ ಮೇಲೆಯೇ ಇತ್ತು. ಇಷ್ಟು ಹೇಳಿ ಅವರು ಊಟದ ಡಬ್ಬಿಯ ಮುಚ್ಚಳ ಹಾಕಿದರು. ಅನ್ನ ಅರ್ಧ ಉಳಿದಿತ್ತು.

ಈಗ ನನ್ನ ಸುಣ್ಣದ ಡಬ್ಬಿಯ ವಿಷಯಕ್ಕೆ ಬರುತ್ತೇನೆ.

ಎಚ್‌ಐವಿ ಇರುವವರಿಗೆ ಬೇದಿ, ರಕ್ತಹೀನತೆ, ತೂಕ ಇಳಿಯುವುದು ಏನೇ ಆದರೂ ಜನ, ಕೆಲವೊಮ್ಮೆ ವೈದ್ಯರೂ, ‘ಅದೇ ಕಾಯಿಲೆ ಏರಿತು’ ಎಂದು ತೀರ್ಮಾನಿಸುತ್ತಾರೆ. ಬರಿಗಾಲಿನಲ್ಲಿ ಗದ್ದೆಗಿಳಿಯುವ ನಮ್ಮ ಸೀಮೆಯವರಿಗೆ ಎಲ್ಲರಿಗೂ ಹತ್ತುವ ಹುಳು ಇವರಿಗೂ ಹತ್ತೀತು ಎಂದು ಯೋಚಿಸುವುದಿಲ್ಲ. “ಹುಳಕ್ಕೆ ನಮ್ಮ ರಿಜಿಸ್ಟರ್ ಓದಕ್ಕೆ ಬರಲ್ಲ. ಅದಕ್ಕೆ ಕಾಲು ಗೊತ್ತು, ಅಷ್ಟೇ” ಎನ್ನುತ್ತಿದ್ದ ಮೇಡಂ, ನಮ್ಮಲ್ಲಿ ಮಾತ್ರೆ ಪಡೆಯುವ ಪ್ರತಿಯೊಬ್ಬರ ಮಲಪರೀಕ್ಷೆಯೂ ಆಗಬೇಕೆಂದು ಹಟ ಹಿಡಿದು ಕುಳಿತರು. ತೊಡಕಾದದ್ದು ಮಾದರಿ ತರುವುದರಲ್ಲಿ. ಚೀಟಿ ಅಂಟಿಸಿದ ಬಿಳಿ ಪ್ಲಾಸ್ಟಿಕ್ ಡಬ್ಬಿ ಹಿಡಿದು ಬಸ್ಸಿನಲ್ಲಿ ಬಂದರೆ ಪಕ್ಕದವರು, ಎಲ್ಲಿಗೆ, ಯಾರಿಗೆ, ಏನಾಗಿದೆ ಎಂದು ಕೇಳುತ್ತಾರೆ. ಒಬ್ಬಾತ ಹೆದರಿ ಡಬ್ಬಿಯನ್ನು ಕಿಟಕಿಯಿಂದ ಎಸೆದು ಬರಿಗೈಯಲ್ಲಿ ಬಂದ.

ಉಪಾಯ ನನ್ನದು. ಎಲೆ ಅಡಿಕೆ ಹಾಕುವವರ ಸಂಚಿಯಲ್ಲಿ ಸುಣ್ಣದ ಡಬ್ಬಿ ಇದ್ದರೆ ಯಾರೂ ತಿರುಗಿ ನೋಡುವುದಿಲ್ಲ. ನಾನು ಸಂತೆಯಿಂದ ಅಂಗೈಯಲ್ಲಿ ಅಡಗುವಂಥ ಹೊಸ ತಗಡಿನ ಡಬ್ಬಿಗಳನ್ನು ತಂದೆ. ಕುದಿಯುವ ನೀರಿನಲ್ಲಿ ಮೂರು ಸಲ ತೊಳೆದು ಒಣಗಿಸಿದೆ. ಮೇಡಂ ಅವರಿಗೆ ತುಂಬ ಮೆಚ್ಚಿಗೆಯಾಯಿತು. ಸಾಹೇಬ್ರ ತಲೆಯೇ ತಲೆ ಎಂದು ಎಲ್ಲರೆದುರು ಹೇಳಿದರು. ಆ ಹೊಗಳಿಕೆಯಿಂದಲೋ ಏನೋ, ನಾನು ಇನ್ನೊಂದು ಹೆಜ್ಜೆ ಮುಂದೆ ಹೋದೆ. ಸುಣ್ಣವೇ ಅಂಟಿರದ ಸುಣ್ಣದ ಡಬ್ಬಿ ಅನುಮಾನಕ್ಕೆ ಎಡೆಯಲ್ಲವೇ? ಆದ್ದರಿಂದ ರೋಗಿಗಳಿಗೆ ಕೊಡುವ ಮೊದಲು ಪ್ರತಿ ಡಬ್ಬಿಯ ಮುಚ್ಚಳದ ಅಂಚಿಗೂ ಬೆರಳಿನಿಂದ ಚೂರು ಹಸಿ ಸುಣ್ಣ ಸವರಿದೆ. ಅದನ್ನು ಮೇಡಂ ಅವರಿಗೆ ಹೇಳಬೇಕೆಂದು ನನಗೆ ಅನ್ನಿಸಲಿಲ್ಲ. ರೋಗಿಗಳೋ, ಕೊಳಕು ಡಬ್ಬಿ ಕೊಡಬಾರದೆಂಬ ಮರ್ಯಾದೆಗೆ, ಮೇಡಂ ಕೈಗೆ ಕೊಡುವ ಮುನ್ನ ಹೊರಗಿನ ಸುಣ್ಣವನ್ನು ಒರೆಸಿಬಿಡುತ್ತಿದ್ದರು.

ಜಡೆ ಕಡೆಯಿಂದ ಬರುತ್ತಿದ್ದ ಒಬ್ಬ ಹೆಣ್ಣುಮಗಳಿಗೂ ಆ ಡಬ್ಬಿ ಕೊಟ್ಟಿದ್ದೆ. ಗಂಡ ತೀರಿಕೊಂಡಿದ್ದ. ಕಾಯಿಲೆಯ ವಿಷಯ ಮನೆಯಲ್ಲಿ ಅತ್ತೆಗೆ ಮಾತ್ರ ಗೊತ್ತು, ಊರಿಗೆ ಗೊತ್ತಿಲ್ಲ. ಕಂಡವರ ಗದ್ದೆಯಲ್ಲಿ ನಾಟಿ, ಕಳೆ ಮಾಡಿ ಬದುಕುವಾಕೆ. ಆ ಮಳೆಗಾಲ ಕಳೆಯುವ ಹೊತ್ತಿಗೆ ಆಕೆ ಬಳೆ ಮೊಣಕೈಗೆ ಜಾರುವಷ್ಟು ಇಳಿದುಹೋಗಿದ್ದಳು. ಕೆಮ್ಮು, ಉಬ್ಬಸ, ಹೊಟ್ಟೆಯ ಮೇಲೆ ಬಳ್ಳಿಯಂತೆ ಹರಿದಾಡುವ ತುರಿಕೆ. ಮಾತ್ರೆ ಸರಿಯಾಗಿ ನುಂಗುತ್ತಿಲ್ಲವೆಂದು ಅತ್ತೆ ಬೈದಳು. ವಾರಕ್ಕೆರಡು ದಿನ ಬರುತ್ತಿದ್ದ ನಮ್ಮ ವೈದ್ಯರೂ ಅದನ್ನೇ ಕೇಳಿದರು. ಆಕೆಯ ಬಳಿ ಉಳಿದ ಮಾತ್ರೆಗಳನ್ನು ಪ್ರತಿ ತಿಂಗಳೂ ಎಣಿಸುತ್ತಿದ್ದವನು ನಾನು. ಲೆಕ್ಕದಲ್ಲಿ ಒಂದು ಮಾತ್ರೆಯೂ ಹೆಚ್ಚುಕಡಿಮೆಯಾದದ್ದಿಲ್ಲ. ಹಾಗೆಂದು ಹೇಳಿದೆ. ವೈದ್ಯರು ನನ್ನತ್ತ ತಿರುಗದೆ, “ಎಣಿಸೋದು ಬೇರೆ, ನುಂಗೋದು ಬೇರೆ” ಎಂದರು. ಆ ಮಾತನ್ನೂ ನಾನು ಮರೆತಿಲ್ಲ.

ಅಂದು ಸೋಮವಾರ. ಅವಳ ಮೂರು ಡಬ್ಬಿಗಳ ವರದಿಯೂ ‘ಕಾಣಲಿಲ್ಲ’ ಎಂದೇ ಬಂದಿತ್ತು. ವೈದ್ಯರು ಎದೆ ಪರೀಕ್ಷಿಸಿ, ಉಬ್ಬಸಕ್ಕೆ ಸ್ಟೀರಾಯ್ಡ್ ಮಾತ್ರೆ ಬರೆದರು. ಚೀಟಿ ನನ್ನ ಕಿಟಕಿಗೆ ಬಂತು. ಮಾತ್ರೆಯ ಪಟ್ಟಿಯನ್ನು ಕತ್ತರಿಸಿ ಲಕೋಟೆಗೆ ಹಾಕುತ್ತಿದ್ದಾಗ ಮೇಡಂ ಓಡುತ್ತ ಬಂದರು. ಅವರು ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ಕೊಡ್ಬೇಡಿ ಸಾಹೇಬ್ರೆ. ಒಂದು ಗಳಿಗೆ ತಡೀರಿ.”

ಆಕೆಯ ರಕ್ತ ಸವರಿದ ಗಾಜಿನ ಪಟ್ಟಿಯಲ್ಲಿ, ಹುಳು ಹೊಕ್ಕಾಗ ಹೆಚ್ಚುವ ಬಗೆಯ ಬಿಳಿಕಣಗಳು ತುಂಬಿದ್ದವಂತೆ. ಹುಳು ಇರಲೇಬೇಕು, ಆದರೆ ಮೂರು ದಿನವೂ ಒಂದೂ ಕಾಣಲಿಲ್ಲವೇಕೆ ಎಂದು ಅವರು ತೊಳೆಯಲು ಇಟ್ಟಿದ್ದ ಡಬ್ಬಿಗಳನ್ನು ಮತ್ತೆ ತೆಗೆದು ನೋಡಿದ್ದರು. ಮುಚ್ಚಳದ ಒಳಸುರುಳಿಯಲ್ಲಿ ಬೆಳ್ಳಗೆ ಏನೋ ಇತ್ತು. ಅವರು ನನ್ನನ್ನೂ ವೈದ್ಯರನ್ನೂ ತಮ್ಮ ಕೋಣೆಗೆ ಕರೆದರು. ಚಿಕಿತ್ಸಾಲಯದ ಕಸ ಗುಡಿಸುವ ಆಯಮ್ಮನಿಂದ ಅಡುಗೆಮನೆಯ ಅರಿಶಿನ ತರಿಸಿ, ಡಬ್ಬಿ ಜಾಲಿಸಿದ ನೀರಿಗೆ ಒಂದು ಚಿಟಿಕೆ ಹಾಕಿದರು. ನಮ್ಮ ಹೆಂಗಸರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಅರಿಶಿನಕ್ಕೆ ಸುಣ್ಣ ಸೋಕಿದರೆ ಏನಾಗುತ್ತದೆಂದು ಆರತಿಯ ತಟ್ಟೆ ಸಿದ್ಧಮಾಡುವ ಪ್ರತಿಯೊಬ್ಬಳಿಗೂ ಗೊತ್ತು. ನೀರು ನೋಡನೋಡುತ್ತ ಕೆಂಪಾಯಿತು.

“ಯಾವ ಮದುಮಗ್ಳಿಗೆ ಆರತಿ ಎತ್ತಬೇಕ್ರಿ ಮೇಡಂ” ಎಂದು ಆಯಮ್ಮ ನಕ್ಕಳು. ನಕ್ಕವಳು ಅವಳೊಬ್ಬಳೇ.

ಡಬ್ಬಿಯೊಳಗೆ ಸುಣ್ಣ ಹೋಗಿದೆ, ಬಸ್ಸಿನ ಸೆಕೆಗೆ ಕರಗಿ ಒಳಗಿಳಿದು ಇದ್ದ ಮರಿಗಳನ್ನೆಲ್ಲ ಸುಟ್ಟಿದೆ ಎಂದು ಅವರು ವೈದ್ಯರಿಗೆ ವಿವರಿಸಿದರು. ಸುಣ್ಣ ಎಲ್ಲಿಂದ ಬಂತು ಎಂದು ವೈದ್ಯರು ಕೇಳಿದರು. ಸುಮ್ಮನಿದ್ದಿದ್ದರೆ ಆ ಹೆಣ್ಣುಮಗಳೇ ಹಳೆಯ ಡಬ್ಬಿ ತಂದಳೆಂದು ಎಲ್ಲರೂ ತಿಳಿಯುತ್ತಿದ್ದರು. ನಾನು ಸವರಿದೆ, ಹೊರಗಡೆ ಮಾತ್ರ ಸವರಿದೆ ಎಂದೆ. ವೈದ್ಯರು ನನ್ನನ್ನು ನೋಡಿದ ನೋಟವನ್ನು ವರ್ಣಿಸುವುದಿಲ್ಲ. ಅವರು ಬಾಯಿ ತೆರೆಯುವ ಮೊದಲೇ ಮೇಡಂ ಅಡ್ಡ ಬಂದರು.

“ಡಬ್ಬಿ ಇವರದ್ದು ಸರ್. ಕಾಣಲಿಲ್ಲ ಅಂತ ಬರೆದ ಕೈ ನಂದು. ಮುಚ್ಚಳ ನೋಡದೆ ಬರೆದಿದೀನಿ.”

ಆ ಕ್ಷಣ ನನಗೆ ಬಂದದ್ದು ಕೃತಜ್ಞತೆಯಲ್ಲ, ಸಿಟ್ಟು. ನಾನು ಮಾಡಿದ ತಪ್ಪನ್ನೂ ನನಗೆ ಬಿಟ್ಟುಕೊಡದೆ ಅರ್ಧ ಕಿತ್ತುಕೊಂಡರಲ್ಲ ಎಂಬ ಸಿಟ್ಟು. ಅದು ಇಳಿಯಲು ನನಗೆ ಹಲವು ವರ್ಷ ಹಿಡಿಯಿತು.

ವೈದ್ಯರು ಕೆಟ್ಟವರಲ್ಲ, ಅವಸರದವರು. ನಾಲ್ಕೂವರೆಗೆ ಜಿಲ್ಲಾಕೇಂದ್ರಕ್ಕೆ ಹೊರಡಬೇಕು, ಮತ್ತೆ ಬರುವುದು ಗುರುವಾರ; ಅಲ್ಲಿಯವರೆಗೆ ಈಕೆಯ ಉಬ್ಬಸಕ್ಕೆ ಏನೂ ಕೊಡದೆ ಕಳಿಸಲಾಗದು; ನಾನು ಹೊರಡುವುದರೊಳಗೆ ತೋರಿಸಿ, ಇಲ್ಲವಾದರೆ ಮಾತ್ರೆ ಕೊಟ್ಟು ಕಳಿಸಿ ಎಂದು ಹೇಳಿ ಹೊರರೋಗಿಗಳ ಕೋಣೆಗೆ ಹೋದರು. ಆಗ ಹನ್ನೊಂದೂಕಾಲು. ತಾಜಾ ಮಾದರಿ ಬೇಕು. ಆದರೆ ಆಕೆ ನಸುಕಿನಲ್ಲೇ ಎಲ್ಲ ಮುಗಿಸಿ ಬಸ್ಸು ಹತ್ತಿದ್ದಳು.

ಮುಂದಿನ ನಾಲ್ಕೂವರೆ ತಾಸು ನಮ್ಮ ಚಿಕಿತ್ಸಾಲಯ ಒಬ್ಬ ಹೆಣ್ಣುಮಗಳ ಹೊಟ್ಟೆ ಕರೆಯುವುದನ್ನೇ ಕಾಯಿತು. ಮೇಡಂ ಆಕೆಯನ್ನು ಹೊಂಗೆಮರದ ಕೆಳಗೆ ಕೂರಿಸಿ, ಮೊದಲು ಬಿಸಿನೀರು, ಆಮೇಲೆ ಕಾಫಿ, ಆಮೇಲೆ ಉಪ್ಪಿಟ್ಟು, ಆಮೇಲೆ ಎರಡು ಬಾಳೆಹಣ್ಣು ಕೊಟ್ಟರು. ಆಕೆ ನಾಚಿಕೆಯಿಂದ ತಲೆ ಎತ್ತಲಿಲ್ಲ. ಒತ್ತಾಯ ಮಾಡಿದರೆ ಬರುವುದಿಲ್ಲವೆಂದು ಆಯಮ್ಮ ತನ್ನ ಬಾಣಂತನದ ಕಥೆಗಳನ್ನು ಹೇಳಿ ನಗಿಸಿದಳು. ಮೂರು ಗಂಟೆಗೆ ಆಕೆ ಎದ್ದು ನಿಂತಳು; ನಾವೆಲ್ಲ ನಿಂತೆವು; ಆಕೆ ಸೆರಗು ಸರಿಪಡಿಸಿಕೊಂಡು ಮತ್ತೆ ಕುಳಿತಳು. ಜಡೆಗೆ ಹೋಗುವ ಬಸ್ಸು ಐದೂವರೆಗೆ. ಅದು ತಪ್ಪಿದರೆ, ಎಲ್ಲಿದ್ದೆ ಎಂದು ಊರು ಕೇಳುತ್ತದೆ. ನಾನು ಕಿಟಕಿಯಲ್ಲಿ ಕುಳಿತು ಆ ಲಕೋಟೆಯನ್ನು ನೋಡುತ್ತಿದ್ದೆ. ವೈದ್ಯರು ಬರೆದ ಔಷಧಿಯನ್ನು ನಾನು ತಡೆಹಿಡಿದದ್ದು ನನ್ನ ಸೇವೆಯಲ್ಲಿ ಅದೇ ಮೊದಲು. ಒಳಗೆ ಏನಿದೆಯೋ ಗೊತ್ತಿಲ್ಲ. ಇದ್ದರೆ, ಈ ಹತ್ತು ಮಾತ್ರೆಗಳಿಗೆ ಅವಳನ್ನು ಆ ಮುದುಕನ ದಾರಿಗೆ ಕಳಿಸುವಷ್ಟು ಶಕ್ತಿಯಿದೆ. ಇಲ್ಲದಿದ್ದರೆ, ಉಸಿರಿಗೆ ಕಷ್ಟಪಡುವವಳಿಂದ ಔಷಧಿಯನ್ನು ಮುಚ್ಚಿಟ್ಟವನು ನಾನು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಆಯಮ್ಮ ನನ್ನ ಕಿಟಕಿಗೆ ಬಂದು, ಆಯ್ತು ಎನ್ನುವಂತೆ ಕಣ್ಣು ಮಿಟುಕಿಸಿದಳು.

ಯಾರೂ ಕರೆಯದೆಯೇ ನಾನು ಮೇಡಂ ಕೋಣೆಗೆ ಹೋಗಿ ಬಾಗಿಲ ಬಳಿ ನಿಂತೆ. ಮೊದಲ ಪಟ್ಟಿ. ಅವರ ಕೆಳತುಟಿ ಒಳಗೆ ಹೋಯಿತು. ಏನೂ ಇಲ್ಲ. ಎರಡನೆಯದು. ಏನೂ ಇಲ್ಲ. ವೈದ್ಯರ ಕಾರು ಚಾಲೂ ಆದ ಸದ್ದು ಕೇಳಿತು. ಮೂರನೆಯ ಪಟ್ಟಿಯ ಮಧ್ಯದಲ್ಲಿ ಅವರ ಕೈ ನಿಂತಿತು. ಬಲ ಹೆಬ್ಬೆರಳು ಮೇಲೆದ್ದಿತು. ನಾನು ಅವರನ್ನು ಕರೆದೇ ಇರಲಿಲ್ಲ.

“ಸಾಹೇಬ್ರೆ, ಡಾಕ್ಟ್ರ ಗಾಡಿ ನಿಲ್ಸಿ.”

ಈ ವಯಸ್ಸಿನಲ್ಲಿ ಹೇಳಿಕೊಳ್ಳಲು ಸಂಕೋಚವಿಲ್ಲ. ಗೇಟಿನವರೆಗೆ ನಾನು ಓಡಿದೆ. ವೈದ್ಯರು ಬಂದು ಬಗ್ಗಿ ನೋಡಿದರು. ನಾನೂ ನೋಡಿದೆ. ಬೆಳಕಿನ ವೃತ್ತದಲ್ಲಿ ಒಂದು ಎಳೆ, ಬೆಂಕಿ ಸೋಕಿದ ಕೂದಲಿನಂತೆ, ಸುರುಳಿಯಾಗಿ ಬಿಚ್ಚಿಕೊಳ್ಳುತ್ತ, ಮತ್ತೆ ಸುರುಳಿಯಾಗುತ್ತ ಒದ್ದಾಡುತ್ತಿತ್ತು. ವೈದ್ಯರು ನನ್ನಿಂದ ಲಕೋಟೆ ಇಸಿದುಕೊಂಡು, ಚೀಟಿಯ ಮೇಲಿನ ಬರಹವನ್ನು ಹೊಡೆದುಹಾಕಿ, ಹುಳುವಿಗೆ ಔಷಧಿ ಬರೆದರು. ಹೋಗುವ ಮುನ್ನ, “ಥ್ಯಾಂಕ್ಯೂ ಸಿಸ್ಟರ್” ಎಂದರು. ತಿದ್ದಲು ಹೊರಟ ನನ್ನನ್ನು ಮೇಡಂ ಕಣ್ಣಿನಲ್ಲಿಯೇ ತಡೆದರು.

ಆಮೇಲೆ ಅವರು ಮಾಡಿದ ಕೆಲಸ ಯಾವ ನಿಯಮದಲ್ಲಿಯೂ ಇಲ್ಲ. ಆ ಹೆಣ್ಣುಮಗಳನ್ನು ಕರೆತಂದು, ತಮ್ಮ ಕುರ್ಚಿಯ ಮೇಲೆ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ನೋಡು ಎಂದರು. ಆಕೆ ಬಹಳ ಹೊತ್ತು ನೋಡಿದಳು.

“ಇದಾ? ಇದಕ್ಕಿಂತ ದೊಡ್ಡ ಜಿಗಣೆ ದಿನಾ ಕಾಲಿಗೆ ಹತ್ತತಾವ್ರಿ.”

“ಇದೂ ಕಾಲಿಂದನೇ ಹತ್ತಿದ್ದು. ಕಣ್ಣಿಗೆ ಕಾಣಲ್ಲ, ಅಷ್ಟೇ.”

“ಆ ಕಾಯಿಲೆಯಿಂದ ಬಂದಿದ್ದಲ್ಲೇನ್ರಿ ಮತ್ತ?”

“ಅಲ್ಲ. ಇದು ಯಾರಿಗೆ ಬೇಕಾದ್ರೂ ಬರತ್ತೆ. ನಂಗೂ ಬಂದಿತ್ತು ಸಣ್ಣೋಳಿದ್ದಾಗ.”

ಆಕೆ ಸೂಕ್ಷ್ಮದರ್ಶಕದಿಂದ ಮುಖ ಎತ್ತಲಿಲ್ಲ. ಅತಿ ಸಣ್ಣ ದನಿಯಲ್ಲಿ ಕೇಳಿದಳು:

“ಹಂಗಾರೆ ಇದನ್ನ ಬಸ್ಸಿನಾಗೆ ಹೇಳಬಹುದಾ ಮೇಡಮ್ಮೋರೆ? ಏನಾಗಿತ್ತು ಅಂತ ಕೇಳಿದ್ರೆ?”

“ಹೇಳು ಮಾರಾಯ್ತಿ. ಜೋರಾಗೇ ಹೇಳು. ಹೊಟ್ಟೇಲಿ ಹುಳ ಆಗಿತ್ತು ಅಂತ ಡ್ರೈವರಿಗೂ ಕೇಳೋ ಹಂಗೆ ಹೇಳು.”

ವರ್ಷಗಟ್ಟಲೆ ತನ್ನ ಬಳಲಿಕೆಗೆ ಪಿತ್ತ, ದೃಷ್ಟಿ, ಬಿಸಿಲು ಎಂದು ಒಂದೊಂದು ಸುಳ್ಳು ಕಾರಣ ಹುಡುಕುತ್ತಿದ್ದವಳಿಗೆ ಹೇಳಿಕೊಳ್ಳಬಹುದಾದ ನಿಜವಾದ ಕಾಯಿಲೆಯೊಂದು ಸಿಕ್ಕಿತ್ತು. ಐದೂವರೆಯ ಬಸ್ಸು ಹತ್ತಿದಾಗ ಅವಳ ಮುಖ ಹಬ್ಬಕ್ಕೆ ಹೋಗುವವಳ ಮುಖದಂತಿತ್ತು.

ನಾನು ಡಬ್ಬಿ ಕೊಟ್ಟಿದ್ದ ಉಳಿದ ಹತ್ತು ಮಂದಿಯನ್ನೂ ಒಬ್ಬೊಬ್ಬರನ್ನಾಗಿ ಕರೆಸಿ, ಹೊಂಗೆಮರದ ಕೆಳಗೆ ಕೂರಿಸಿ, ಮತ್ತೆ ಪರೀಕ್ಷಿಸಿದೆವು. ಉಪ್ಪಿಟ್ಟು, ಬಾಳೆಹಣ್ಣಿನ ಹೊಣೆ ನನ್ನದು. ಅವರಲ್ಲಿಯೂ ಕೆಲವರಿಗೆ ಹುಳು ಸಿಕ್ಕಿತು. ಮೇಡಂ ಪ್ರತಿಯೊಬ್ಬರಿಗೂ ಚಪ್ಪಲಿಯ ಉಪದೇಶ ಮಾಡಿದರು. ಗದ್ದೆಯಲ್ಲಿ ಚಪ್ಪಲಿ ಹಾಕಲಾಗುವುದಿಲ್ಲವೆಂದು ಗೊತ್ತಿದ್ದರಿಂದ, ಹಿತ್ತಲಿಗೆ, ಬಯಲಿಗೆ ಹೋಗುವಾಗಲಾದರೂ ಮೆಟ್ಟಿಕೊಳ್ಳಿ ಎಂದು ಗೋಗರೆದರು. ಜಡೆಯ ಹೆಣ್ಣುಮಗಳ ಉಬ್ಬಸ ಆ ಔಷಧಿಯಿಂದಲೇ ಇಳಿಯಿತು. ಬಳೆಗಳು ಮೊಣಕೈಯಿಂದ ಮುಂಗೈಗೆ ಹಿಂದಿರುಗಿದವು. ಟ್ರಸ್ಟಿನ ಆ ವರ್ಷದ ವರದಿಯಲ್ಲಿ ‘ವೈದ್ಯರ ಸಮಯಪ್ರಜ್ಞೆಯಿಂದ ಉಳಿದ ಜೀವ’ ಎಂಬ ಒಂದು ಸಾಲಿತ್ತು. ನಾನು ಎರಡು ಪುಟದ ಪ್ರತಿಭಟನಾ ಪತ್ರ ಬರೆದೆ. ಮೇಡಂ ಅದನ್ನು ಓದಿ, ಅಕ್ಷರ ಮುದ್ದಾಗಿದೆ ಎಂದು ಹೊಗಳಿ, ಮಡಿಚಿ, ನನ್ನ ಜೇಬಿಗೇ ತುರುಕಿದರು. ಅದಿನ್ನೂ ನನ್ನಲ್ಲಿದೆ. ಬೇಕಾದವರು ಬಂದು ನೋಡಬಹುದು.

ಅವರು ನಿವೃತ್ತರಾಗಿ ಊರಿಗೆ ಹೋದರು. ಎರಡು ವರ್ಷ ಕಳೆಯುವ ಮುನ್ನ, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ನುಡಿನಮನದ ಸಭೆಗೆ ಅವರಿಂದ ಬದುಕಿಕೊಂಡ ರೋಗಿಗಳು ಯಾರೂ ಬಂದಿರಲಿಲ್ಲ. ಬರಲು ಸಾಧ್ಯವೂ ಇರಲಿಲ್ಲ. ಅವರನ್ನು ಕರೆಯಬೇಕಾದರೆ ಪಟ್ಟಿ ಬೇಕು. ಆ ಪಟ್ಟಿ ಯಾರ ಕಣ್ಣಿಗೂ ಬೀಳಬಾರದ್ದು. ಮೌನಾಚರಣೆ ಮುಗಿದ ಮೇಲೆ ನಾನು ಉಡುತಡಿಯ ಬಸ್ಸು ಹತ್ತಲಿಲ್ಲ. ಎದುರಿನ ಬದಿಯಲ್ಲಿ ನಿಂತು ಜಡೆಯ ಬಸ್ಸು ಹತ್ತಿದೆ.

ಆ ಹೆಣ್ಣುಮಗಳ ಮನೆಗೆ ಹೋಗುವಂತಿರಲಿಲ್ಲ. ನನ್ನ ಮುಖದ ಗುರುತಿರುವವರು ಆ ಊರಿನಲ್ಲಿಯೂ ಇದ್ದಾರು. ಬಸ್ಸು ನಿಲ್ಲುವಲ್ಲಿ ಕಟ್ಟೆಯ ಮೇಲೆ ಕುಳಿತು ಕಾದೆ. ಸಂಜೆ ಕಳೆ ಕೆಲಸ ಮುಗಿಸಿದ ಐದಾರು ಹೆಂಗಸರು ಕೆಸರುಗಾಲಿನಲ್ಲಿ ಮಾತನಾಡುತ್ತ ಬಂದರು. ನಡುವೆ ಆಕೆಯಿದ್ದಳು. ನನ್ನನ್ನು ಕಂಡಕೂಡಲೇ ಅವಳ ಮುಖ ಬಿಳುಚಿಕೊಂಡಿತು. ಮಾತ್ರೆ ಕೊಡುವ ಮನುಷ್ಯ ಊರಿನ ನಡುವೆ ಬಂದು ಕುಳಿತರೆ ಇನ್ನೇನಾಗುತ್ತದೆ. ಅವಳು ಹೆಜ್ಜೆ ತಡೆದಳು. ಉಳಿದವರೂ ನಿಂತು ನನ್ನನ್ನು ನೋಡಿದರು. ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ:

“ನೋಡ್ರೀ ತಂಗಿ, ನಿಮ್ಮ ಹೊಟ್ಟೆ ಹುಳ ಕಂಡುಹಿಡಿದಿದ್ರಲ್ಲ ಹುಳದ ಮೇಡಂ, ಅವರು ತೀರಿಕೊಂಡ್ರು.”

ಆಕೆ ನಿಂತಲ್ಲಿಯೇ ಕುಳಿತು ಅಳತೊಡಗಿದಳು. ಏನಾಯಿತು, ಯಾರು ಹೋದರು, ಬಳಗದವರಾ ಎಂದು ಹೆಂಗಸರು ಸುತ್ತುವರಿದರು. ಬಳಗ ಅಲ್ಲ, ನನ್ನ ಹೊಟ್ಟೆಯ ಹುಳ ತೆಗೆಸಿ ಜೀವ ಉಳಿಸಿದಾಕಿ ಎಂದು ಅವಳು ಬಿಕ್ಕುತ್ತ ಹೇಳಿದಳು. ಒಬ್ಬಾಕೆ, ನನ್ನ ಮಗನಿಗೂ ಆಗಿತ್ತು, ಸಾಯೋ ಹಂಗೆ ಮಾಡಿತ್ತು ಎಂದಳು. ಇನ್ನೊಬ್ಬಳು ಅವಳ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡಳು. ಮತ್ತೊಬ್ಬಳು ಅಂಗಡಿಯಿಂದ ನೀರು ತಂದಳು. ಆಕೆ ಆ ಕಟ್ಟೆಯ ಬುಡದಲ್ಲಿ, ಹೋಗುವವರು ಬರುವವರೆಲ್ಲ ನಿಂತು ನೋಡುತ್ತಿರಲು, ಮನಸೋಕ್ತ ಅತ್ತಳು.

ಗಂಡ ಸತ್ತಾಗ, ಏನಾಗಿ ಸತ್ತ ಎಂದು ಯಾರಾದರೂ ಕೇಳಿಯಾರೆಂಬ ಭಯಕ್ಕೆ, ಬಾಯಿಗೆ ಸೆರಗು ತುರುಕಿಕೊಂಡು ಅತ್ತಿದ್ದೆ ಎಂದು ಆಕೆ ಹಿಂದೊಮ್ಮೆ ಮೇಡಂ ಬಳಿ ಹೇಳಿದ್ದಳಂತೆ. ಅಂದು ಸಂಜೆ ಸೆರಗು ಅವಳ ಹೆಗಲ ಮೇಲೆಯೇ ಇತ್ತು.